ಹೆಣ್ಣುಮಕ್ಕಳ ಬಯಲು

ನಿಂಬರ್ಗಾ ದಾಟಿ ಬೊಲೆರೊ ಹಳ್ಳದವಾಡಿಯ ಕಚ್ಚಾ ರಸ್ತೆಗೆ ಇಳಿದದ್ದೇ ಸುನಿತಾ ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡಳು. ವಾಸನೆ ಇನ್ನೂ ಬಂದಿರಲಿಲ್ಲ. ಬರುತ್ತದೆ ಎಂದು ಗೊತ್ತಿತ್ತು, ಅಷ್ಟೇ. ಇಪ್ಪತ್ತೆರಡು ವರ್ಷ ಆಳಂದ ತಾಲೂಕಿನ ಹಳ್ಳಿಹಳ್ಳಿ ತಿರುಗಿದ ಮೂಗು ಅದು. ಅಗಸಿ ಬಾಗಿಲು ಕಣ್ಣಿಗೆ ಬೀಳುವ ಮೊದಲೇ ಊರ ಹೆಂಗಸರು ಹೊರಕಡೆಗೆ ಹೋಗುವ ಬಯಲು ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ಹೇಳಿಬಿಡುವಷ್ಟು ಪಳಗಿತ್ತು. ಕನ್ನಡಿಯಲ್ಲಿ ಗೌಸಮೊಹಿದ್ದೀನನ ಕಣ್ಣು ಕಂಡಿತು. ಒಕ್ಕೂಟದ ಗಾಡಿ ಓಡಿಸುವ ಅವನು ಈ ಕಡೆಯ ಹಳ್ಳಿಯವನೇ. ‘ಗ್ಲಾಸ್ ಏರಸ್ಲೇನ್ರಿ ಅಕ್ಕೋರ?’ ಎಂದ. ‘ಧೂಳ ಭಾಳ ಅದಪ್ಪ,’ ಎಂದು ಸುನಿತಾ ಕರವಸ್ತ್ರ ಇಳಿಸಿದಳು. ಬೆಳಗಿನ ಜಾವ ಮಳೆ ಬಿದ್ದು ರಸ್ತೆಯೆಲ್ಲ ಕೆಸರಾಗಿತ್ತು. ‘ಹೌದ್ರಿ, ಭಾಳ ಅದ,’ ಎಂದು ಅವನು ಗಾಜು ಏರಿಸಿದ. ನಗಲಿಲ್ಲ. ಅವನು ನಗದೇ ಇದ್ದದ್ದೇ ಅವಳಿಗೆ ಚುಚ್ಚಿತು. ಎರಡೂ ಕಡೆ ತೊಗರಿ ಹೊಲ, ಹಳದಿ ಹೂವು, ಅದರ ಮೇಲೆ ಹೊಡೆದ ಔಷಧದ ನಾತ ಮುಚ್ಚಿದ ಗಾಜಿನ ಒಳಗೂ ನುಸುಳಿ ಬರುತ್ತಿತ್ತು. ಜನರ ನಡುವೆ ಜೀವ ತೇದವಳು ಎಂದು ಆಹ್ವಾನ ಪತ್ರಿಕೆಯಲ್ಲಿ ತನ್ನ ಹೆಸರಿನ ಕೆಳಗೆ ಅಚ್ಚು ಹಾಕಿಸಿದ್ದರು. ಜೀವ ತೇದದ್ದು ಹೌದೋ ಅಲ್ಲವೋ, ಕರವಸ್ತ್ರವಿಲ್ಲದೆ ಒಂದು ದಿನವೂ ಹಳ್ಳಿಗೆ ಹೊರಟದ್ದಿಲ್ಲ.

ತೊಡೆಯ ಮೇಲೆ ಕರಪತ್ರಗಳ ಕಟ್ಟು ಇತ್ತು. ‘ವಿರಾಮವೂ ಹಕ್ಕು’ ಎಂಬುದು ಮಹಿಳಾ ಒಕ್ಕೂಟದ ಈ ವರ್ಷದ ಆಂದೋಲನ. ಕಲಬುರಗಿಯ ಹೋಟೆಲೊಂದರ ತಣ್ಣನೆಯ ಸಭಾಂಗಣದಲ್ಲಿ ಎರಡು ದಿನ ಚರ್ಚೆ ಮಾಡಿ, ಹೆಣ್ಣಿಗೆ ದುಡಿಮೆಯ ಹಕ್ಕಿನಷ್ಟೇ ದುಡಿಯದೇ ಕೂರುವ ಹಕ್ಕೂ ಬೇಕು ಎಂದು ತೀರ್ಮಾನ ಮಾಡಿದ್ದರು. ಕರಪತ್ರದ ಮೇಲೆ ಒಬ್ಬ ಹೆಂಗಸು ಆರಾಮ ಕುರ್ಚಿಯಲ್ಲಿ ಒರಗಿ ಪುಸ್ತಕ ಓದುತ್ತಿದ್ದಳು. ತುಟಿಗೆ ಬಣ್ಣ, ಪಕ್ಕದಲ್ಲಿ ಚಹಾದ ಕಪ್ಪು. ಆಳಂದದಲ್ಲಾಗಲಿ ಅಫಜಲಪುರದಲ್ಲಾಗಲಿ ಜೇವರ್ಗಿಯಲ್ಲಾಗಲಿ ಹಾಗೆ ಕೂತ ಒಂದು ಹೆಣ್ಣನ್ನು ಸುನಿತಾ ಕಂಡಿರಲಿಲ್ಲ. ಚಿತ್ರ ಆರಿಸಿದವಳು ಮಾತ್ರ ಅವಳೇ. ಇವತ್ತು ಮೊದಲು ಹೆಂಗಸರಿಗೆ ಈ ಕರಪತ್ರ ಹಂಚಿ ಮಾತಾಡುವುದು, ನಾಲ್ಕು ಗಂಟೆಗೆ ಗ್ರಾಮಸಭೆ. ಹಳ್ಳದವಾಡಿ ಬಯಲು ಶೌಚಮುಕ್ತ ಗ್ರಾಮ ಎಂದು ಸಭೆಯಲ್ಲಿ ಸಾರಿ, ಹಳ್ಳದ ದಂಡೆಯಲ್ಲಿ ಹೆಂಗಸರು ಇಷ್ಟು ವರ್ಷ ಬಳಸಿದ ಜಾಗವನ್ನು ಹರೆಯದವರ ಓಪನ್ ಜಿಮ್ಮಿಗೆ ಕೊಡುವವರಿದ್ದರು. ‘ಮನೆಗೊಂದು ಶೌಚಾಲಯ, ಮಗಳಿಗೊಂದು ಮಾನ’ ಎಂದು ಇಪ್ಪತ್ತೆರಡು ವರ್ಷದ ಹಿಂದೆ ಇದೇ ಊರಿನ ಗೋಡೆಯ ಮೇಲೆ ತಾನೇ ಕೆಮ್ಮಣ್ಣು ಅದ್ದಿ ಬರೆದದ್ದಕ್ಕೆ ಸನ್ಮಾನ ಕೂಡ ಇತ್ತು. ಸನ್ಮಾನವಿದೆ ಎಂದೇ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಕನ್ನಡಿಯ ಮುಂದೆ ಎರಡು ಸಲ ಸೆರಗು ಸರಿಮಾಡಿಕೊಂಡದ್ದು ನೆನಪಾಗಿ ತನ್ನ ಮೇಲೆ ಹೇಸಿಗೆಯಾಯಿತು.

ಅಂಗನವಾಡಿಯಲ್ಲಿ ಹಾಲಿನ ಪುಡಿ, ಮಕ್ಕಳ ಉಚ್ಚೆ, ಫಿನೈಲು ಮೂರೂ ಕಲಸಿದ ವಾಸನೆ. ಮೂವತ್ತು ಮೂವತ್ತೈದು ಹೆಂಗಸರು ಕೂತಿದ್ದರು. ಎದುರಿಗೆ ಗ್ರಾಮ ಪಂಚಾಯತಿಯ ಅಧ್ಯಕ್ಷೆ ಮಹಾನಂದಾ, ನಲವತ್ತರ ಒಳಗಿನವಳು, ಹಣೆಯಲ್ಲಿ ಮೂರು ಬೆರಳಿನ ವಿಭೂತಿ. ಅಧ್ಯಕ್ಷೆ ಎಂಬುದು ರುಜು ಹಾಕುವ ಮಟ್ಟಿಗೆ. ಕಾರಭಾರವೆಲ್ಲ ಗಂಡ ದೌಲತರಾಯನದು. ಅವಳ ಪಕ್ಕಕ್ಕೆ ಮಿನಾಜ, ಮದುವೆಯಾಗಿ ಎರಡು ವರ್ಷವಾದ ಹುಡುಗಿ, ಹೊಲಿಗೆ ಯಂತ್ರದ ಮುಂದೆ ಕೂತು ಕೂತು ಬೆನ್ನು ಆಗಲೇ ಸ್ವಲ್ಪ ಬಾಗಿತ್ತು. ಸುನಿತಾ ವಿರಾಮದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದಳು. ಯಾರೂ ಆಕಳಿಸಲಿಲ್ಲ, ಯಾರೂ ತಲೆಯಾಡಿಸಲಿಲ್ಲ. ಒಬ್ಬಳು ಕರಪತ್ರದ ಹೆಂಗಸನ್ನು ತೋರಿಸಿ, ‘ಈಕಿ ಮೈಯಾಗ ಆರಾಮಿಲ್ಲೇನ್ರಿ?’ ಎಂದು ಕೇಳಿದಳು. ಸುನಿತಾ ನಕ್ಕಳು. ಬೇರೆ ಯಾರೂ ನಗಲಿಲ್ಲ. ಅದು ತಮಾಷೆಯ ಮಾತಾಗಿರಲಿಲ್ಲ. ಚಹಾ ಬಂತು. ಮೇಲೆ ಕಂದು ಕೆನೆ ಕಟ್ಟಿತ್ತು. ಅದು ತುಟಿಗೆ ಅಂಟಿದಾಗ ಎದುರಿನ ಮೂವತ್ತು ಜೊತೆ ಕಣ್ಣು ನೋಡುತ್ತಿದ್ದುದರಿಂದ ನುಂಗಿಬಿಟ್ಟಳು. ಆಮೇಲೆ ಮಹಾನಂದಾ ಮಿನಾಜಳ ಕಡೆ ನೋಡಿದಳು, ಮಿನಾಜ ಉಳಿದವರ ಕಡೆ ನೋಡಿದಳು. ಏನೋ ಒಂದು ಅವರ ನಡುವೆ ಮಾತಿಲ್ಲದೆ ತೀರ್ಮಾನವಾಯಿತು. ‘ಅಕ್ಕೋರ, ಸಭಾಕ್ಕ ಇನ್ನಾ ಟೈಮ್ ಅದರಿ,’ ಎಂದಳು ಮಹಾನಂದಾ, ‘ನಿಮಗೊಂದು ತೋರಸೋದದ. ಜರಾ ಬರ್ರಿ ನಮ್ಮ ಕೂಡ.’

ಹಳ್ಳದ ಕಡೆಗೆ ಹೊರಟಾಗಲೇ ಎಲ್ಲಿಗೆಂದು ಸುನಿತಾಗೆ ಗೊತ್ತಾಯಿತು. ಕೈ ತಾನಾಗಿ ಕರವಸ್ತ್ರಕ್ಕೆ ಹೋಯಿತು, ಅವಳು ಅದನ್ನು ಹಿಂದಕ್ಕೆ ಎಳೆದುಕೊಂಡಳು. ಜಾಲಿ ಕಂಟಿಯ ನಡುವೆ ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ದಾರಿ. ಉಸಿರು ಬಿಗಿಹಿಡಿದು, ಸೀರೆ ಮೊಣಕಾಲಿನವರೆಗೆ ಎತ್ತಿ, ನೆಲವನ್ನೇ ನೋಡುತ್ತ, ಎಲ್ಲಿ ಕಾಲಿಡುತ್ತೇನೋ ಎಂದು ಅಳೆದು ಅಳೆದು ಹೆಜ್ಜೆ ಹಾಕಿದಳು. ತನ್ನ ಊರು ಕರಜಗಿಯಲ್ಲಿ ಅವ್ವ ಗೌರಾಬಾಯಿ ಹೀಗೆಯೇ ಕರೆದುಕೊಂಡು ಹೋಗುತ್ತಿದ್ದಳು, ಸಂಜೆ ಹೊತ್ತು ಮುಳುಗುವಾಗ, ಒಂದು ಕೈಯಲ್ಲಿ ನೀರಿನ ಚರಗಿ, ಇನ್ನೊಂದು ಕೈಯಲ್ಲಿ ಸುನಿತಾ. ಕಬ್ಬಿನ ಹೊಲದ ಬದುವಿನಲ್ಲಿ ಓಣಿಯ ಹೆಂಗಸರೆಲ್ಲ ಸೇರುತ್ತಿದ್ದರು. ನೊಣ, ಸೊಳ್ಳೆ, ಹಂದಿ. ಮೂಗು ಹಿಡಿದು ದೂರ ನಿಂತ ಮಗಳಿಗೆ ಅವ್ವನ ನಗು ಕೇಳಿಸುತ್ತಿತ್ತು. ಮನೆಯಲ್ಲಿ ಅವ್ವ ನಕ್ಕದ್ದು ಸುನಿತಾಗೆ ನೆನಪಿಲ್ಲ. ಅಲ್ಲಿ ಮಾತ್ರ ಬಾಯಿಗೆ ಸೆರಗು ಅಡ್ಡ ಹಿಡಿದು, ಮೈಯೆಲ್ಲ ಕುಲುಕುವ ಹಾಗೆ ನಗುತ್ತಿದ್ದಳು. ಆ ಹೊಲಸಿನಲ್ಲಿ ಕೂತು ಹೇಗೆ ನಗುತ್ತಾಳಪ್ಪ ಎಂದು ಎಂಟು ವರ್ಷದ ಸುನಿತಾಗೆ ಸಿಟ್ಟು ಬರುತ್ತಿತ್ತು. ‘ನಡಿಬೇ ಅವ್ವಾ, ಸಾಕು,’ ಎಂದು ಸೆರಗು ಜಗ್ಗುತ್ತಿದ್ದಳು. ‘ತಡಿ ಬೇ,’ ಎನ್ನುತ್ತಿದ್ದಳು ಅವ್ವ. ಆ ಎರಡು ಶಬ್ದ ಅವಳು ಗಂಡನಿಗಾಗಲಿ ಅತ್ತೆಗಾಗಲಿ ಒಮ್ಮೆಯೂ ಹೇಳಿದವಳಲ್ಲ. ‘ಇಲ್ಲೇ ಕುಂದರ್ರಿ ಅಕ್ಕೋರ,’ ಎಂದು ಮಿನಾಜ ಒಂದು ಕಲ್ಲನ್ನು ಸೆರಗಿನಿಂದ ಒರೆಸಿದಳು. ಸುನಿತಾ ಹಿಡಿದ ಉಸಿರು ಬಿಟ್ಟಳು.

ವಾಸನೆ ಇರಲಿಲ್ಲ. ಅವಳು ಮೂಗರಳಿಸಿ ಹುಡುಕಿದಳು. ಒದ್ದೆ ಮಣ್ಣು, ಜಾಲಿ ಹೂವು, ಹಲ್ಲಿಗೆ ತಿಕ್ಕುವ ಮಿಶ್ರಿ ಪುಡಿಯ ಕಟು ವಾಸನೆ, ಬೇರೇನಿಲ್ಲ. ಕಸ ಗುಡಿಸಿದ ನೆಲ. ಕಲ್ಲುಗಳನ್ನು ಸುತ್ತಲೂ ಹೊಂದಿಸಿ ಇಟ್ಟಿದ್ದರು, ಒಬ್ಬೊಬ್ಬರು ಹೋಗಿ ತಮ್ಮ ತಮ್ಮ ಕಲ್ಲಿನ ಮೇಲೆ ಕೂತರು, ತಮ್ಮದೇ ಎಂದು ಗೊತ್ತಿದ್ದವರ ಹಾಗೆ. ನಡುವಿನ ಹಾಸುಗಲ್ಲಿನ ಮೇಲೆ ಚೌಕಾಬಾರಾ ಮನೆ ಕೊರೆದಿತ್ತು. ಗೀರುಗಳಲ್ಲಿ ಸವೆದು ನುಣುಪಾದ ಹುಣಸೆ ಬೀಜ. ‘ಊರಾಗ ಎಲ್ಲಾ ಮನಿಗೂ ಸಂಡಾಸ ಅದಾವ್ರಿ ಅಕ್ಕೋರ,’ ಎಂದಳು ಮಹಾನಂದಾ. ‘ನೀವೇ ಹೇಳಿ ಕಟ್ಟಿಸೀರಿ. ನಾವು ಅದ್ರಾಗೇ ಹೋಗ್ತೇವ್ರಿ, ಮುಂಜಾನಿ ಎದ್ದ ಕೂಡ್ಲೇ. ನಾಕೈದು ವರ್ಷ ಆತು, ಇಲ್ಲಿ ಯಾರೂ ಅದಕ್ಕ ಬರಂಗಿಲ್ಲ.’ ಮತ್ತೆ ಸಂಜೆ ಊರಿನ ಹೆಂಗಸರೆಲ್ಲ ಚರಗಿ ಹಿಡಿದು ಸಾಲಾಗಿ ಬರುವುದು? ಸುನಿತಾ ಬಾಯಿಬಿಟ್ಟು ಕೇಳುವ ಮೊದಲೇ ಮಿನಾಜ ಹೇಳಿದಳು. ‘ಕೈಯಾಗ ಚರಗಿ ಇದ್ರ ಯಾರೂ ಕೇಳಂಗಿಲ್ರಿ, ಎಲ್ಲಿಗಿ ಹೊಂಟಿ ಅಂತ. ಅತ್ತಿನೂ ಕೇಳಂಗಿಲ್ಲ, ಗಂಡನೂ ಕೇಳಂಗಿಲ್ಲ. ಗಂಡಸ್ರು ಎದುರಿಗಿ ಬಂದ್ರ ಅವ್ರೇ ಮಾರಿ ಆ ಕಡಿ ಮಾಡ್ತಾರ. ಇಲ್ಲಿ ಬಂದು ನೀರ ಆ ಬೇವಿನ ಗಿಡಕ್ಕ ಹಾಕ್ತೇವಿ, ಕುಂದರ್ತೇವಿ.’ ‘ಕೂತು?’ ‘ಏನಿಲ್ರಿ, ಸುಮ್ನ ಕುಂದರ್ತೇವಿ. ಆಡ್ತೇವಿ. ಇವ್ರು ನಮ್ಮ ಅಧ್ಯಕ್ಷರು ತಮ್ಮ ಯಜಮಾನ್ರ ಹಾಂಗ ಕೆಮ್ಮಿ ತೋರಿಸ್ತಾರ್ರಿ, ನಕ್ಕ ನಕ್ಕ ಹೊಟ್ಟಿ ನೋಯ್ತದ. ನಾ ಮಕ್ಕೋತೇನಿ. ಆಕಾಶ ನೋಡ್ಕೋತ ನೆಲದ ಮ್ಯಾಲ ಮಕ್ಕೊಂಡ್ರ ಬೆನ್ನು ನೆಟ್ಟಗಾಗ್ತದ್ರಿ.’ ಮೂವತ್ತು ಹೆಂಗಸರು ಒಟ್ಟಿಗೆ ನಕ್ಕರು. ಅಂಗನವಾಡಿಯಲ್ಲಿ ಇವರಿಗೆ ಹಲ್ಲುಗಳಿವೆ ಎಂಬುದೇ ಗೊತ್ತಾಗಿರಲಿಲ್ಲ.

ಸುನಿತಾಗೆ ಕಲ್ಲಿನ ಮೇಲೆ ಸರಿಯಾಗಿ ಕೂರಲಾಗಲಿಲ್ಲ. ಕೈಯಲ್ಲಿ ಕರಪತ್ರದ ಕಟ್ಟು ಬೆವರಿಗೆ ಒದ್ದೆಯಾಗಿ ಬಣ್ಣ ಬಿಡುತ್ತಿತ್ತು. ಇವರಿಗೆ ಹೇಳಿಕೊಡಲು ಕಲಬುರಗಿಯಿಂದ ಹೊತ್ತು ತಂದದ್ದನ್ನು ಇವರು ಯಾವಾಗಲೋ ಕದ್ದು, ಕಲ್ಲು ಹಾಕಿ, ಗುಡಿಸಿ ಇಟ್ಟುಕೊಂಡಿದ್ದರು. ಅವ್ವನ ಮುಖ ಬಂತು. ಶಿಕ್ಷಕಿಯಾಗಿ ಮೊದಲ ಪಗಾರ ಬಂದಾಗ ಸುನಿತಾ ಕರಜಗಿಯ ಮನೆಯ ಹಿತ್ತಲಲ್ಲಿ ಶೌಚಾಲಯ ಕಟ್ಟಿಸಿದ್ದಳು, ಇಡೀ ಓಣಿಗೆ ಮೊದಲನೆಯದು. ‘ನನ್ನ ಹೋರಾಟ ಶುರುವಾದದ್ದು ನನ್ನ ತಾಯಿಯ ಮಾನ ಉಳಿಸುವುದರಿಂದ’ ಎಂದು ನೂರು ಸಲ ವೇದಿಕೆಯ ಮೇಲೆ ಹೇಳಿದ್ದಾಳೆ, ಒಮ್ಮೆ ಹೇಳುತ್ತ ಗಂಟಲು ಕಟ್ಟಿದೆ, ಆ ಗಂಟಲು ಕಟ್ಟುವುದು ಚೆನ್ನಾಗಿ ಬಂತು ಎಂದು ಮುಂದಿನ ಊರಲ್ಲೂ ಕಟ್ಟಿಸಿಕೊಂಡಿದ್ದಾಳೆ. ಅವ್ವ ಮಾತ್ರ ಆಮೇಲೆ ಸಂಜೆ ಹೊತ್ತು ಮೊರದಲ್ಲಿ ಬೇಳೆ ಹಾಕಿಕೊಂಡು ಕಲ್ಲು ಆರಿಸುತ್ತ ಕೂತಿರುತ್ತಿದ್ದಳು. ಆರಿಸಿದ್ದನ್ನೇ ಮತ್ತೆ ಆರಿಸುತ್ತಿದ್ದಳು. ಕಬ್ಬಿನ ಬದುವಿನ ಕಡೆಯಿಂದ ಓಣಿಯ ಹೆಂಗಸರ ಸದ್ದು ಕೇಳಿದರೆ ಕತ್ತು ಎತ್ತುವಳು. ‘ಹೊರಗ ಹೋಗಿ ಬರ್ಲೇನವಾ?’ ಎಂದು ಒಮ್ಮೆ ಮಗಳನ್ನೇ ಕೇಳಿದ್ದಳು, ಮಗಳು ಕಟ್ಟಿಸಿದ ಮೇಲೆ ಮಗಳ ಅಪ್ಪಣೆ ಬೇಕು ಎನ್ನುವ ಹಾಗೆ. ‘ಥೂ, ಮನ್ಯಾಗ ಇಷ್ಟು ಚಂದ ಕಟ್ಟಿಸೀನಿ, ಮತ್ತ ಆ ಹೊಲಸಿಗೆ ಹೋಗ್ತೀಯಾ?’ ಎಂದಿದ್ದಳು ಸುನಿತಾ. ಥೂ ಎಂದದ್ದು ಈಗ ಇಪ್ಪತ್ತೆಂಟು ವರ್ಷದ ಆಚೆಯಿಂದ ಬಂದು ಅವಳ ಬಾಯಲ್ಲೇ ಎಂಜಲಾಗಿ ನಿಂತಿತು. ನುಂಗಲೂ ಆಗಲಿಲ್ಲ, ಈ ಗುಡಿಸಿದ ನೆಲದ ಮೇಲೆ ಉಗುಳಲೂ ಆಗಲಿಲ್ಲ.

‘ಈ ಜಾಗ ಹೋದ್ರ ನಮಗ ಹೊರಗ ಬರಾಕ ನೆವ ಇಲ್ರಿ,’ ಎಂದಳು ಮಹಾನಂದಾ. ನಗು ನಿಂತಿತ್ತು. ‘ನಾನೇ ರುಜು ಹಾಕ್ಬೇಕು. ಹಾಕಂಗಿಲ್ಲ ಅಂದ್ರ ಮನ್ಯಾಗ ಯಾಕ ಅಂತಾರ. ಯಾಕ ಅಂದ್ರ ಏನ್ ಹೇಳ್ಲಿ? ನೀವು ಸಭಾದಾಗ ಹೇಳ್ಬೇಕ್ರಿ. ಈ ಊರ ಹೆಂಗಸ್ರು ಇನ್ನಾ ಸುಧಾರ್ಸಿಲ್ಲ, ಸಂಡಾಸದಾಗ ನೀರ ಬರಂಗಿಲ್ಲ, ಬಯಲಕಡಿಗೇ ಹೋಗಾಕತ್ತಾರ, ಇನ್ನೊಂದು ನಾಕು ವರ್ಷ ಈ ಜಾಗ ಮುಟ್ಟಬ್ಯಾಡ್ರಿ ಅಂತ. ನಿಮ್ಮ ಮಾತು ಅಂದ್ರ ಕೇಳ್ತಾರ.’ ‘ಇಲ್ಲದ್ದು ಹೇಳ್ಲೇನು ಮಹಾನಂದಾ? ನಿಮ್ಮನ್ನ ಹೊಲಸು ಅಂತಾರಲ್ಲ.’ ‘ಅನ್ಲಿ ಬಿಡ್ರಿ. ಹೊಲಸು ಅನ್ನಿಸ್ಕೊಳ್ಳೋದು ನಾವು. ಖಾಲಿ ಕುಂದರ್ತಾರ ಅಂತ ಗೊತ್ತಾದ್ರ ಮಾತ್ರ ಬಿಡಂಗಿಲ್ಲ. ಅದೊಂದು ಹೇಳಬ್ಯಾಡ್ರಿ. ನಿಮ್ಮ ಕಾಲಿಗಿ ಬೀಳ್ತೇನಿ.’ ನಿಜವಾಗಿ ಬಗ್ಗಿದಳು. ಸುನಿತಾ ಅವಳ ತೋಳು ಹಿಡಿದು ಎತ್ತಿದಳು. ಹೊಲಸು ಅನ್ನಿಸಿಕೊಳ್ಳುವುದು ಇವರಾದರೆ, ಸೋತಳು ಅನ್ನಿಸಿಕೊಳ್ಳುವುದು ತಾನು ಎಂಬುದು ಆಗಲೇ ಮನಸ್ಸಿನ ಮೂಲೆಯಲ್ಲಿ ಲೆಕ್ಕ ಹಾಕಿಕೊಂಡು ಕೂತಿತ್ತು. ಆದರೂ ಹೇಳಿದಳು. ‘ಆಯ್ತು, ಹೇಳ್ತೇನಿ. ಮಾತು ಕೊಟ್ಟೆ.’ ಮಿನಾಜ ಅವಳ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಆ ಹುಡುಗಿಯ ಬೆರಳಿನ ತುದಿಗಳೆಲ್ಲ ಸೂಜಿ ಚುಚ್ಚಿ ಚುಚ್ಚಿ ದಡ್ಡುಗಟ್ಟಿದ್ದವು.

ಪಂಚಾಯತಿಯ ಮುಂದೆ ಶಾಮಿಯಾನ. ಮುಂದಿನ ಕುರ್ಚಿಗಳಲ್ಲಿ ಗಂಡಸರು, ಹಿಂದೆ ಜಮಖಾನದ ಮೇಲೆ ಹೆಂಗಸರು. ವೇದಿಕೆಯ ಮೇಲೆ ಮಹಾನಂದಾಳ ಕುರ್ಚಿಯ ಪಕ್ಕಕ್ಕೆ ಇನ್ನೊಂದು, ಅದಕ್ಕಿಂತ ಒಂದು ಗೇಣು ಮುಂದೆ, ದೌಲತರಾಯನದು. ಗುಟಕಾ ತುಂಬಿದ ಬಾಯಿ, ಮಾತಾಡುವ ಮೊದಲು ಕತ್ತು ಹೊರಳಿಸಿ ಶಾಮಿಯಾನದ ಕಂಬದ ಬುಡಕ್ಕೆ ಉಗುಳುತ್ತಿದ್ದ. ಕಂಬದ ಬಿಳಿ ಬಟ್ಟೆಗೆ ಕೆಂಪು ಸಿಡಿದು ಇಳಿಯುತ್ತಿತ್ತು. ಉಗುಳಿದ ನೆಲದ ಮೇಲೆ ನಿಂತು ಸ್ವಚ್ಛತೆಯ ಬಗ್ಗೆ ಹತ್ತು ನಿಮಿಷ ಮಾತಾಡಿದ. ಸುನಿತಾಳ ಸರದಿ ಬಂತು. ಕೊಟ್ಟ ಮಾತಿನಂತೆಯೇ ಶುರು ಮಾಡಿದಳು: ಘೋಷಣೆಗೆ ಆತುರ ಬೇಡ, ಇನ್ನೂ ಕೆಲವು ಹೆಣ್ಣುಮಕ್ಕಳಿಗೆ ರೂಢಿಯಾಗಿಲ್ಲ, ನೀರಿನ ತೊಂದರೆ ಇದೆ, ಆ ಜಾಗ ಸದ್ಯಕ್ಕೆ ಹಾಗೇ ಇರಲಿ. ಹಿಂದಿನ ಸಾಲಿನಲ್ಲಿ ಹೆಂಗಸರು ತಲೆ ತಗ್ಗಿಸಿ, ಬೈಸಿಕೊಳ್ಳಲು ಬಂದವರ ಹಾಗೆ, ನಾಚಿಕೆ ಎಷ್ಟು ಬೇಕೋ ಅಷ್ಟನ್ನು ಮುಖಕ್ಕೆ ತಂದುಕೊಂಡು ಕೂತಿದ್ದರು. ಎಷ್ಟು ಚೆನ್ನಾಗಿ ಕೂತಿದ್ದರು! ಇಷ್ಟಕ್ಕೇ ಕೂತುಬಿಟ್ಟಿದ್ದರೆ ಆಗುತ್ತಿತ್ತು. ದೌಲತರಾಯ ಎದ್ದ.

‘ಅಕ್ಕೋರ, ತಪ್ಪ ತಿಳೀಬ್ಯಾಡ್ರಿ,’ ಎಂದು ಮೈಕನ್ನು ತನ್ನ ಕಡೆ ಎಳೆದುಕೊಂಡ. ‘ಇಪ್ಪತ್ತು ವರ್ಷ ಆತು, ನೀವು ಬರ್ತೀರಿ, ಹೇಳ್ತೀರಿ, ಹೋಗ್ತೀರಿ. ನಾವೂ ಚಪ್ಪಾಳಿ ಹೊಡದೇವಿ. ಕಡೀಕ ನೋಡಿದ್ರ ನಮ್ಮ ಹೆಂಗಸ್ರು ಇನ್ನಾ ಕಂಟಿಯಾಗೇ ಅದಾರ. ಒಂದಾ ಇವ್ರು ಹುಟ್ಟಾ ಹೊಲಸ್ರು, ಇಲ್ಲಾ ನಿಮ್ಮ ಮಾತಿನ್ಯಾಗ ದಮ್ಮಿಲ್ಲ. ಮತ್ತ ಇವತ್ತು ಶಾಲು ಹೊದಿಸೋದು ಯಾತಕ್ಕಂತ ನೀವೇ ಹೇಳ್ರಿ.’ ಗಂಡಸರು ನಕ್ಕರು. ಅದೇನು ದೊಡ್ಡ ನಗುವಲ್ಲ, ಹೊತ್ತು ಕಳೆಯಲು ಬಂದವರ ನಗು. ಯಾರೋ ಹಿಂದಿನಿಂದ, ‘ಭಾಷಣಾ ಮಾಡಾಕ ಪಗಾರ ಅದ ಬಿಡ್ರಿ ಅವ್ರಿಗಿ,’ ಎಂದ. ಸುನಿತಾಳ ಕಿವಿ ಬಿಸಿಯಾಯಿತು. ಇಳಕಲ್ ಸೀರೆ, ಸರಿಮಾಡಿಕೊಂಡ ಸೆರಗು, ಕೆಮ್ಮಣ್ಣು ಅದ್ದಿ ಬರೆದ ಗೋಡೆ, ಬಿಸಿಲಿನಲ್ಲಿ ತಿರುಗಿ ಸುಟ್ಟ ಮುಖದ ಚರ್ಮ, ಎಲ್ಲವನ್ನೂ ಈ ಕೆಂಪು ಬಾಯಿಯವನು ಕಂಬದ ಬುಡಕ್ಕೆ ಉಗುಳಿದ ಹಾಗಾಯಿತು. ಸುಮ್ಮನಿರಬೇಕು, ಮಾತು ಕೊಟ್ಟಿದ್ದೇನೆ ಎಂದು ಒಳಗೊಂದು ದನಿ ಹೇಳುತ್ತಿದ್ದಾಗಲೇ ಬಾಯಿ ತೆರೆದಿತ್ತು. ‘ಅವ್ರು ಅದಕ್ಕ ಹೋಗಂಗಿಲ್ಲ!’

ಮೈಕು ಕುಂಯ್‌ಗುಟ್ಟಿ ನಿಂತಿತು. ‘ಯಾರೂ ಹೊಲಸ್ರಲ್ಲ. ಐದು ವರ್ಷದಿಂದ ಆ ಬಯಲಿಗೆ ಒಬ್ಬಳೂ ಅದಕ್ಕ ಹೋಗಿಲ್ಲ. ನಾನು ಇವತ್ತು ಕಣ್ಣಾರೆ ನೋಡಿ ಬಂದೀನಿ. ನನ್ನ ಕೆಲಸ ಸುಳ್ಳಾಗಿಲ್ಲ.’ ನನ್ನ ಕೆಲಸ. ಅದನ್ನು ಅಂದದ್ದು ಅವಳ ಕಿವಿಗೂ ಬಿತ್ತು. ದೌಲತರಾಯ ಕೆಮ್ಮಿದ, ಆ ಕೆಮ್ಮಿಗೆ ಹಿಂದಿನ ಸಾಲಿನಲ್ಲಿ ಇವತ್ತು ಯಾರೂ ಸೆರಗು ಬಾಯಿಗೆ ಅಡ್ಡ ಹಿಡಿಯಲಿಲ್ಲ. ‘ಹಂಗಾರ ದಿನಾ ಸಂಜಿಗಿ ಚರಗಿ ಹಿಡ್ಕೊಂಡು ಯಾಕ ಹೋಗ್ತಾರ್ರಿ?’ ಎಂದ, ತುಂಬ ಮೆತ್ತಗೆ. ಈಗಲೂ ನಿಲ್ಲಿಸಬಹುದಿತ್ತು. ಏನಾದರೂ ಒಂದು ಹೇಳಬಹುದಿತ್ತು, ಕಟ್ಟಿಗೆಗೆ ಎನ್ನಬಹುದಿತ್ತು, ಮೇವಿಗೆ ಎನ್ನಬಹುದಿತ್ತು. ಆದರೆ ಬಾಯಿ ತಪ್ಪಿ ಆಡಿದ್ದನ್ನು ತಪ್ಪಲ್ಲ ಎಂದು ತೋರಿಸಬೇಕಲ್ಲ. ಸುನಿತಾ ಬೆನ್ನು ನೆಟ್ಟಗೆ ಮಾಡಿ, ಪುಸ್ತಕದ ಕನ್ನಡಕ್ಕೆ ಹೊರಳಿ, ವಿರಾಮದ ಹಕ್ಕಿನ ಬಗ್ಗೆ ಮಾತಾಡತೊಡಗಿದಳು. ನಸುಕಿನಿಂದ ರಾತ್ರಿಯವರೆಗೆ ದುಡಿಯುವ ಹೆಣ್ಣು ದಿನಕ್ಕೊಂದು ಗಂಟೆ ಯಾರ ಕಣ್ಣಿಗೂ ಬೀಳದೆ ಕೂರಲು ಸುಳ್ಳು ಹೇಳಬೇಕಾಗಿ ಬಂದದ್ದು ನಮ್ಮೆಲ್ಲರಿಗೂ ನಾಚಿಕೆ ಎಂದಳು. ಅವರು ಅಲ್ಲಿ ಕೂರುತ್ತಾರೆ, ಆಡುತ್ತಾರೆ, ನಗುತ್ತಾರೆ, ಮಲಗಿ ಆಕಾಶ ನೋಡುತ್ತಾರೆ, ಅದು ಅವರ ಹಕ್ಕು ಎಂದಳು. ತನ್ನ ಜೀವಮಾನದಲ್ಲೇ ಇಷ್ಟು ಚೆನ್ನಾಗಿ ಮಾತಾಡಿರಲಿಲ್ಲ. ಮಾತು ತಾನಾಗಿ ಬರುತ್ತಿತ್ತು, ಸರಿಯಾದ ಜಾಗದಲ್ಲಿ ಗಂಟಲು ಕೂಡ ಕಟ್ಟಿತು. ಹೇಳುತ್ತ ಹೇಳುತ್ತ ಮಿನಾಜಳನ್ನು ಹುಡುಕಿದಳು. ಮಿನಾಜ ನೆಲ ನೋಡುತ್ತಿದ್ದಳು. ಕುರ್ಚಿಯಲ್ಲಿದ್ದ ಗಂಡಸರು ಒಬ್ಬೊಬ್ಬರಾಗಿ ಹಿಂದಕ್ಕೆ ತಿರುಗಿ ತಮ್ಮ ತಮ್ಮ ಹೆಂಡಿರನ್ನು ನೋಡಿದರು.

‘ಕುಂದರ್ತಾರ,’ ಎಂದ ದೌಲತರಾಯ. ‘ಹಿಂಗೇನು.’ ಅವನಿಗೆ ಸಿಟ್ಟು ಬಂದಿರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ‘ಅಕ್ಕೋರು ಹೇಳೋದು ಖರೇ ಅದರಪ್ಪ. ಕುಂದರ್ಬೇಕಂದ್ರ ಕಂಟಿಯಾಗ ಯಾಕ ಕುಂದರ್ಬೇಕು, ಹಾವು ಚೇಳು ಇರೋ ಜಾಗಾದಾಗ? ಪಂಚಾಯ್ತಿನೇ ಕುಂದರ್ಸ್ತದ.’ ಅಲ್ಲೇ ಠರಾವು ಪಾಸಾಯಿತು. ಹಳ್ಳದ ದಂಡೆಯ ಜಾಗ ಓಪನ್ ಜಿಮ್ಮಿಗೆ. ಹೆಣ್ಣುಮಕ್ಕಳಿಗೆ ಅಂಗನವಾಡಿಯ ಹಿಂದಿನ ಕೋಣೆಯಲ್ಲಿ ವಿರಾಮ ಕೇಂದ್ರ, ಸೋಮವಾರ ಮತ್ತು ಗುರುವಾರ ಮಧ್ಯಾಹ್ನ ಎರಡರಿಂದ ಮೂರು, ಬಂದವರು ಹಾಜರಿ ಪುಸ್ತಕದಲ್ಲಿ ರುಜು ಹಾಕಬೇಕು, ಕೀಲಿ ಕೈ ಕಾರ್ಯದರ್ಶಿಯ ಹತ್ತಿರ. ‘ಹೊತ್ತು ಸುಮ್ನ ಹಾಳಾಗಬಾರ್ದು, ಹಪ್ಪಳಾ ಶಂಡಿಗಿ ಮಾಡೋದು ಕಲಿಸಾಕ ಒಬ್ಬಾಕೀನ ಕರಸೋಣ,’ ಎಂದು ಯಾರೋ ಸೇರಿಸಿದರು. ಕೇಂದ್ರಕ್ಕೆ ಸುನಿತಾಳ ಒಕ್ಕೂಟದ ಹೆಸರು ಇಟ್ಟರು. ಚಪ್ಪಾಳೆ ಬಿತ್ತು. ಮಹಾನಂದಾಳ ಮುಂದೆ ಕಾಗದ ಬಂತು, ಅವಳು ಓದದೆ ರುಜು ಹಾಕಿದಳು, ಅಕ್ಷರ ಒಂದೊಂದಾಗಿ, ನಿಧಾನ. ಆಮೇಲೆ ಅವಳ ಕೈಯಿಂದಲೇ ಸುನಿತಾಗೆ ಶಾಲು ಹೊದಿಸಿದರು. ಹೊಸ ಶಾಲಿಗೆ ಅಂಗಡಿಯ ನುಸಿ ಗುಳಿಗೆಯ ವಾಸನೆ. ಹೊದಿಸುವಾಗ ಅವಳ ಕಣ್ಣು ಒಂದು ಗೇಣು ದೂರದಲ್ಲಿತ್ತು, ಅದರಲ್ಲಿ ಸಿಟ್ಟು ಇದೆಯೇ ಎಂದು ಸುನಿತಾ ಆಸೆಯಿಂದ ನೋಡಿದಳು. ಏನೂ ಇರಲಿಲ್ಲ. ಅಂಗನವಾಡಿಯಲ್ಲಿ ಕಂಡ ಮುಖವೇ ಮತ್ತೆ ಬಂದು ಕೂತಿತ್ತು.

ಗೌಸಮೊಹಿದ್ದೀನ ಡೀಸೆಲ್ಲಿಗೆ ನಿಂಬರ್ಗಾಕ್ಕೆ ಹೋದವನು ಬಂದಿರಲಿಲ್ಲ. ಊಟ ಮಾಡದೆ ಹೋಗಬಾರದು ಎಂದು ದೌಲತರಾಯ ತನ್ನ ಮನೆಗೇ ಕರೆದುಕೊಂಡು ಹೋದ. ಪಡಸಾಲೆಯ ಕಟ್ಟೆಯ ಮೇಲೆ ಅವನ ತಾಯಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದಳು. ದೌಲತರಾಯ ಕುರ್ಚಿಯಲ್ಲಿ ಕಾಲು ನೀಡಿ ಮೊಬೈಲಿನಲ್ಲಿ ಸನ್ಮಾನದ ಫೋಟೊ ಯಾರಿಗೋ ಕಳಿಸುತ್ತಿದ್ದ. ಒಳಗೆ ಮಹಾನಂದಾ ರೊಟ್ಟಿ ತಟ್ಟುವ ಸದ್ದು, ಒಂದೇ ಸಮ. ಸುನಿತಾ ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಳು. ‘ಮಹಾನಂದಾ, ನನ್ನ ಬಾಯಿ ತಪ್ಪಿ…’ ಎಂದಳು. ಬಾಯಿ ತಪ್ಪಿ ಅಲ್ಲ ಎಂದು ಹೇಳುವಾಗಲೇ ಗೊತ್ತಿತ್ತು. ಗಂಡಸರು ನಕ್ಕದ್ದಕ್ಕೆ, ತನಗೆ ನೋವಾದದ್ದಕ್ಕೆ, ತನ್ನ ಇಪ್ಪತ್ತೆರಡು ವರ್ಷಕ್ಕೆ ಬೆಲೆ ಕಟ್ಟಿಸಿಕೊಳ್ಳಬೇಕಾಗಿದ್ದಕ್ಕೆ ಮೂವತ್ತು ಹೆಂಗಸರ ಒಂದು ಗಂಟೆಯನ್ನು ತೆತ್ತಿದ್ದಳು. ‘ಒಂದು ಮಾತು ಬೈಯಬಾರ್ದೇನವಾ?’ ಎಂದಳು. ಮಹಾನಂದಾ ರೊಟ್ಟಿ ಮಗುಚಿದಳು. ‘ನಿಮಗ ಖಡಕ್ ಬೇಕೇನ್ರಿ, ಮೆತ್ತಂದು ಬೇಕೇನ್ರಿ?’ ಎಂದು ಕೇಳಿದಳು. ಸುನಿತಾಳ ತಟ್ಟೆಗೆ ರೊಟ್ಟಿ ಬಿತ್ತು, ಪುಂಡಿಪಲ್ಯ ಬಿತ್ತು, ಶೇಂಗಾ ಹಿಂಡಿ ಬಿತ್ತು. ಹಸಿವಾಗಿತ್ತು. ಅದೇ ಎಲ್ಲಕ್ಕಿಂತ ಅಸಹ್ಯವಾದದ್ದು: ಚೆನ್ನಾಗಿ ಹಸಿವಾಗಿತ್ತು, ಮೂರು ರೊಟ್ಟಿ ತಿಂದಳು.

ಹೊತ್ತು ಮುಳುಗುತ್ತಿತ್ತು. ಓಣಿಯಲ್ಲಿ ಹೆಣ್ಣಿನ ಹೆಜ್ಜೆ ಕೇಳುವ ಹೊತ್ತು ಅದು, ಈಗ ಕೇಳಲಿಲ್ಲ. ಎದುರು ಮನೆಯ ಬಾಗಿಲಲ್ಲಿ ಒಬ್ಬಳು ಬಂದು ನಿಂತು, ಓಣಿಯ ಆ ತುದಿ ಈ ತುದಿ ನೋಡಿ, ಒಳಗೆ ಹೋದಳು. ಸುನಿತಾ ಶಾಲನ್ನು ಮಡಿಚಿ ಬಿಚ್ಚಿ ಮತ್ತೆ ಮಡಿಚುತ್ತಿದ್ದಳು. ಆಗ ಮಹಾನಂದಾ ಹೊರಗೆ ಬಂದಳು. ಕೈಯಲ್ಲಿ ನೀರು ತುಂಬಿದ ಚರಗಿ ಇತ್ತು. ಯಾವ ಧೈರ್ಯದಿಂದಲೋ, ಬರೀ ರೂಢಿಯಿಂದಲೋ, ಅಂಗಳ ದಾಟಿ ಹೊಸ್ತಿಲವರೆಗೆ ಬಂದಳು. ಹೋಗು, ಹೋಗಿಬಿಡು ಎಂದು ಸುನಿತಾ ಮನಸ್ಸಿನಲ್ಲೇ ಕೂಗಿದಳು. ಮುದುಕಿ ಎಣ್ಣೆ ತಿಕ್ಕುವ ಕೈ ನಿಲ್ಲಿಸಿದಳು. ಒಂದು ಕಾಲಕ್ಕೆ ಆ ಕಲ್ಲುಗಳ ನಡುವೆ ಅವಳೂ ಕೂತು ನಕ್ಕವಳೇ ಇರಬೇಕು, ಅವಳ ದನಿಯಲ್ಲಿ ಗದರಿಕೆ ಏನೂ ಇರಲಿಲ್ಲ. ‘ಸಂಡಾಸ ಹಿತ್ತಲದಾಗ ಅದ ಅಲ್ಲವಾ,’ ಎಂದಳು. ಮಹಾನಂದಾ ಅರೆಗಳಿಗೆ ನಿಂತಳು. ತಿರುಗಿದಳು. ಅತ್ತೆಯ ಮುಂದೆ, ಗಂಡನ ಮುಂದೆ, ಸುನಿತಾಳ ಮುಂದೆ ಹಾದು ಹಿತ್ತಲಿಗೆ ಹೋದಳು. ತಗಡಿನ ಬಾಗಿಲು ಮುಚ್ಚಿಕೊಂಡಿತು, ಚಿಲಕ ಬಿತ್ತು, ಒಳಗೆ ಒಂದು ಚರಗಿ ನೀರು ಒಮ್ಮೆಗೇ ಸುರಿದ ಸದ್ದಾಯಿತು.

ದೌಲತರಾಯ ಮೊಬೈಲಿನಿಂದ ತಲೆ ಎತ್ತಿದ. ‘ನೋಡ್ರಿ ಅಕ್ಕೋರ,’ ಎಂದ, ಕುಹಕವಿಲ್ಲದೆ, ಮನಸ್ಸು ತುಂಬಿ. ‘ಏನೇ ಅನ್ರಿ, ನಿಮ್ಮಿಂದ ನಮ್ಮೂರ ಸುಧಾರಿಸ್ತು.’ ಸುನಿತಾಳ ಎರಡೂ ಕೈ ತಮ್ಮಷ್ಟಕ್ಕೆ ತಾವೇ ಜೋಡಿಸಿಕೊಂಡವು. ಮುಖದ ಮೇಲೆ ವೇದಿಕೆಯ ನಗು ಬಂದು ನಿಂತಿತು. ಹಿತ್ತಲಿನಲ್ಲಿ ಚಿಲಕ ಇನ್ನೂ ತೆಗೆದಿರಲಿಲ್ಲ. ತಗಡಿನ ಬಾಗಿಲ ಆಚೆಗೂ ಕೇಳಿಸುವಷ್ಟು ಸ್ಪಷ್ಟವಾಗಿ, ‘ಎಲ್ಲಾ ನಿಮ್ಮ ಸಹಕಾರ್ರಿ,’ ಎಂದಳು.